ಮೂರು ಸೂಜಿ, ಮೂರು ಹುಡುಗರು

ಬ್ಯಾಸಗಿ ಬಂತಂದ್ರ ಎಲ್ಲಾರ ಮನಿಯಾಗ ಫ್ಯಾನ್ ತಿರುಗತಾವು, ನಮ್ಮ ಮನಿಯಾಗ ನಿಂತುಬಿಡತಾವು. ನಾವು ಪಿಂಜಾರರು. ಕೊಟ್ಟೂರಿನಾಗ ಗಾದಿ, ದಿಂಬು ಮಾಡಿಕೊಡೋ ಮನಿ ನಮ್ಮದು. ಹಿಂಜಿದ ಹತ್ತಿ ಬಿಡಿಯಾಗಿ ಬಿದ್ದಿರೋತನಕ ಫ್ಯಾನ್ ಹಾಕಂಗಿಲ್ಲ. ಹಾಕಿದ್ರ ಹತ್ತಿ ಎದ್ದು ಮೂಗಿನಾಗ, ಬಾಯಾಗ, ಸಾರಿನ ಬೋಗಣಿಯಾಗ ಹೋಗಿ ಕುಂದ್ರತೈತಿ. ಗಾದಿ ಮಾಡಸೋರು ಬರೋದೂ ಬ್ಯಾಸಗಿಗೇ. ಮದಿವಿ ಸೀಜನ್ನು, ಮ್ಯಾಲೆ ಬಿಸಲು ಗಟ್ಟಿ, ಹಳೇ ಹತ್ತಿ ಚೊಲೋ ಒಣಗತೈತಿ. ಹಂಗಾಗಿ ಊರೆಲ್ಲಾ ಗಾಳಿ ಗಾಳಿ ಅಂತ ಬಾಯಿ ಬಿಡೋ ಹೊತ್ತಿನಾಗ ನಾನು ಕಿಟಕಿ ಬಾಗಲು ಮುಚ್ಚಿಕೊಂಡು, ಸೆರಗಿಲೆ ಬೆವರು ಒರಿಸಿಕೊಂತ ಹೊಲೀತಿರತೀನಿ. ಮದಿವಿಯಾಗಿ ಬಂದಮ್ಯಾಲೆ ಹದಿನಾಕು ಬ್ಯಾಸಗಿ ಹಿಂಗೇ ಕಳದಾವು. ಈ ಕಸುಬಿಗೆ ಬೆಂಕಿ ಬೀಳಲಿ ಅಂತ ದಿನಾ ಬೈತೀನಿ, ಮತ್ತ ಸೂಜಿ ಹಿಡೀತೀನಿ.

ಇದರ ಮ್ಯಾಲೆ ಮೂರು ಗಂಡುಹುಡುಗರು. ದೊಡ್ಡಾವಂಗ ಹದಿಮೂರು. ಫೋನಿನಾಗ ನೋಡಿ ಜಗತ್ತಿನ ಎಲ್ಲಾ ವಿದ್ಯಾ ಕಲತಾನ, ಬಚ್ಚಲಕ್ಕೆ ನೀರು ಹಾಕೋದೊಂದು ಬಿಟ್ಟು. ನಡುವಿನಾವಂಗ ಹತ್ತು. ಅವ ಬಾಯಿ ತೆರದ್ರ ಸುಳ್ಳು, ಅದೂ ಎಂಥಾ ಸುಳ್ಳು ಅಂತೀರಿ, ಕೇಳಿದೋರು ಕುಂತು ಇನ್ನೊಂದು ಹೇಳಪ ಅನ್ನಬೇಕು, ಹಂಥಾ ಸುಳ್ಳು. ಸಣ್ಣಾವಂಗ ಆರು. ಅವಂಗ ಸುಳ್ಳು ಬರಂಗಿಲ್ಲ, ಅದಕ್ಕಿಂತ ಕಷ್ಟದ್ದು ಬರತೈತಿ. ಯಾರೂ ಕೇಳದಿದ್ರೂ ನಿಜ ಹೇಳತಾನ, ಗಂಟಲು ಹರಕೊಂಡು, ಹೇಳಬಾರದ ಹೊತ್ತಿಗೇ ಹೇಳತಾನ. ಇವರಪ್ಪ ಬ್ಯಾಸಗಿಪೂರ್ತಿ ಹತ್ತಿ ಹಿಂಜೋ ಮಷೀನು ಸಣ್ಣ ಗಾಡಿಗೆ ಹೇರಿಕೊಂಡು ಹರಪನಹಳ್ಳಿ ಕಡೆ ಹಳ್ಳಿ ಹಳ್ಳಿ ತಿರಗತಾರ. ವಾರಕ್ಕೊಮ್ಮೆ ಮನಿಗೆ ಬರೋದು. ಫೋನ್ ಮಾಡಿ ‘ನೀಲಗುಂದದಾಗ ಅದೀನಿ, ಹುಡುಗರು ಏನ್ ಮಾಡಾಕತ್ತಾವ?’ ಅಂತ ಕೇಳತಾರ. ‘ಜೀವಂತ ಅದಾವ’ ಅಂತೀನಿ. ಬ್ಯಾಸಗಿಯಾಗ ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಂಗಿಲ್ಲ.

ಸಾಲಿ ಸೂಟಿ ಬಿಟ್ಟ ಮೂರನೇ ದಿನಕ್ಕ ಇವರು ಏನ್ ಮಾಡಿದ್ರು ಅಂದ್ರ, ಸಣ್ಣಾವನ್ನ ಒಂದು ಹಳೇ ಗಾದಿಯಾಗ ಸುತ್ತಿ, ಹಗ್ಗ ಕಟ್ಟಿ, ಸೈಕಲ್ ಕ್ಯಾರಿಯರಿನ ಮ್ಯಾಲೆ ಹೇರಿಕೊಂಡು ಹೋಗಿ ಪಂಚರ್ ಅಂಗಡಿ ಚಾಚಾನ ಮನಿ ಬಾಗಲಿಗೆ ‘ನಿಮ್ಮ ಆರ್ಡರ್ ಬಂದೈತಿ’ ಅಂತ ಇಳಿಸಿ ಬಂದಿದ್ರು. ಚಾಚಾನ ಹೆಂಡತಿ ಹಗ್ಗ ಬಿಚ್ಚಿದ್ರ ಒಳಗಿಂದ ಇವ ‘ನಂಗ ಶರಬತ್ತು ಬೇಕು’ ಅಂದನಂತ. ಆಕಿ ನಮ್ಮ ಮನಿಗೆ ಬಂದು ಬೈದು ಹೋದಳು, ಆದ್ರ ಶರಬತ್ತು ಕುಡಿಸೇ ಕಳಿಸಿದ್ದಳು.

ನಮ್ಮ ಕಸುಬಿನಾಗ ಒಂದು ಕಟ್ಟು ಐತಿ. ನಮ್ಮತ್ತಿ ನನಗ ಮೊದಲು ಕಲಿಸಿದ್ದು ಹೊಲಿಯೋದಲ್ಲ, ಸೂಜಿ ಎಣಿಸೋದು. ಗಾದಿ ಸೂಜಿ ಗೇಣಿಗೆ ಎರಡು ಬೆರಳು ಕಮ್ಮಿ ಇರತೈತಿ, ಉಕ್ಕಿನದು. ನಮ್ಮ ಮನಿಯಾಗ ಇರೋದು ಮೂರೇ, ಒಂದು ಕೆಂಪು ಬಟ್ಟಿಯಾಗ ಚುಚ್ಚಿ ಇಟ್ಟಿರತೀವಿ. ತಗಿಯುವಾಗ ಬಾಯಿಬಿಟ್ಟು ಎಣಿಸಬೇಕು, ಇಡುವಾಗ ಬಾಯಿಬಿಟ್ಟು ಎಣಿಸಬೇಕು. ಮೂರು ಸೂಜಿ ಬಟ್ಟಿಗೆ ಬರೋತನಕ ಹೊಲಿದ ಗಾದಿ ಹೊಸಲು ದಾಟಂಗಿಲ್ಲ. ಗಾದಿಯೊಳಗ ಸೂಜಿ ಉಳೀತು ಅಂದ್ರ ಅದು ಯಾರದೋ ಬೆನ್ನಿಗೆ, ಯಾರದೋ ಕೂಸಿನ ಪಕ್ಕಿಗೆ ಹೋಗತೈತಿ. ‘ಹರಕು ಗಾದಿ ಕೊಟ್ರ ಬೈತಾರ, ಸೂಜಿ ಬಿಟ್ಟು ಕೊಟ್ರ ನಮ್ಮ ಬಾಗಲಿಗೇ ಬರಂಗಿಲ್ಲ’ ಅಂತಿದ್ದಳು ಅತ್ತಿ. ಆಕಿ ಸಾಯೋತನಕ ಒಮ್ಮೆಯೂ ಲೆಕ್ಕ ತಪ್ಪಿದಾಕಿ ಅಲ್ಲ.

ಆ ಬ್ಯಾಸಗಿ ಕೋಗಳಿಯ ಅಂಗನವಾಡಿ ಟೀಚರು ಮಗಳ ಮದಿವಿಗೆ ಎರಡು ಗಾದಿ, ನಾಕು ದಿಂಬು ಹೇಳಿದ್ರು. ಹೊಸಾ ಹತ್ತಿ, ಹೊಸಾ ಗಲೀಪು. ಗಲೀಪು ಅಂದ್ರ ಹತ್ತಿ ತುಂಬೋ ಬಟ್ಟಿ, ಟೀಚರು ತಾವೇ ಹೊಸಪೇಟಿಗೆ ಹೋಗಿ ಹೂವಿನದು ಆರಿಸಿ ತಂದಿದ್ರು. ‘ಒಬ್ಬಾಕೇ ಮಗಳು ತಂಗಿ, ಸ್ವಲ್ಪ ಮನಸಿಟ್ಟು ಮಾಡು’ ಅಂದಿದ್ರು. ನಾನೂ ಮನಸಿಟ್ಟೇ ಮಾಡಾಕತ್ತಿದ್ದೆ. ನಾಕು ದಿನದ ಕೆಲಸ.

ಮೂರನೇ ದಿನ ಮಧ್ಯಾಹ್ನ ಮನಿ ಭಾಳ ತಣ್ಣಗಿತ್ತು. ಬಿಸಲಿನ ಮಾತಲ್ಲ, ಹುಡುಗರ ಸದ್ದಿನ ಮಾತು. ಮೂರು ಗಂಡುಹುಡುಗರ ತಾಯಿಗೆ ಸದ್ದಿದ್ರ ತಲಿನೋವು, ಸದ್ದಿಲ್ದಿದ್ರ ಎದಿನೋವು. ಎದ್ದು ನೋಡಬೇಕು ಅನ್ನೋದ್ರಾಗ ಮೂವರೂ ಅಡಗಿಮನಿಯಿಂದ ಮೆರವಣಿಗಿ ಬಂದ್ರು. ಮುಂದ ದೊಡ್ಡಾವ, ಕೈಯಾಗ ಪೇಂಟಿನ ಖಾಲಿ ಬಕೆಟ್ಟು. ಬಕೆಟ್ಟಿನ ಮುಚ್ಚಳ ಕೊರದು ಅದರಾಗ ಸಣ್ಣ ಟೇಬಲ್ ಫ್ಯಾನು ಮುಖ ಕೆಳಗ ಮಾಡಿ ಕುಂಡ್ರಿಸಿದ್ರು. ಒಳಗ ಐಸ್ ಮಾಡಿದ ನೀರಿನ ಬಾಟಲಿ. ಪಕ್ಕಕ್ಕ ಸುತ್ತ ತೂತು.

‘ಅಮ್ಮ, ಕಣ್ಣು ಮುಚ್ಚು’ ಅಂದ ನಡುವಿನಾವ.

‘ಫ್ಯಾನ್ ಹಾಕಬ್ಯಾಡ್ರಿ ಅಂದೀನಿಲ್ಲ?’ ಅಂದೆ.

‘ಇದು ಫ್ಯಾನ್ ಅಲ್ಲ, ಕೂಲರ್. ನೀ ಕೂಲರ್ ಬ್ಯಾಡ ಅಂದಿಲ್ಲ’ ಅಂದ ದೊಡ್ಡಾವ, ವಕೀಲರಂಗ. ‘ನೀ ಬೆವರತೀ ಅಂತ ಮಾಡೀವಿ.’

ಅಷ್ಟು ಅಂದಮ್ಯಾಲೆ ಯಾವ ತಾಯಿ ಬ್ಯಾಡ ಅಂತಾಳ? ನಾನೂ ಹುಚ್ಚಿ, ಕಣ್ಣು ಮುಚ್ಚಿದೆ. ಸ್ವಿಚ್ ಒತ್ತಿದ್ರು. ಒಂದು ಗಳಿಗಿ, ಒಂದೇ ಗಳಿಗಿ ನೋಡ್ರಿ, ತಣ್ಣಂದು ಗಾಳಿ ಮಾರಿಗೆ ಬಡೀತು. ಹದಿನಾಕು ಬ್ಯಾಸಗಿಯಾಗ ಹೊಲಿಗಿ ಮುಂದ ಕುಂತು ಗಾಳಿ ತಗೊಂಡಿದ್ದು ಅದೇ ಮೊದಲು. ಆಹಾ ಅನ್ನೋದ್ರಾಗ ಬಾಯಾಗ ಹತ್ತಿ. ಕಣ್ಣು ತೆರದ್ರ ಕೋಲಿ ತುಂಬ ಹತ್ತಿ ಹಾರಾಕತ್ತೈತಿ. ಜಂತಿಗೆ ಹತ್ತಿ, ಕ್ಯಾಲೆಂಡರಿಗೆ ಹತ್ತಿ, ನಾ ಹುಳಿಗೆ ಹಾಕಿದ್ದ ದ್ವಾಸಿ ಹಿಟ್ಟಿಗೆ ಹತ್ತಿ. ಸಣ್ಣಾವ ಚಪ್ಪಾಳಿ ಹೊಡದು ‘ಅಮ್ಮ ಮುದುಕಿ ಆದಳು’ ಅಂತ ಕುಣಿಯಾಕತ್ತಿದ್ದ. ನಾ ಎದ್ದು ವಾಯರು ಕಿತ್ತು, ಬಕೆಟ್ಟು ಎತ್ತಿ ಅಂಗಳಕ್ಕ ಒಗದೆ. ಆಮೇಲೆ ಬಾಯಿಗೆ ಬಂದಿದ್ದೆಲ್ಲಾ ಬೈದೆ. ಸಂಜಿತನಕ ನಾಕೂ ಮಂದಿ ಮೊಣಕಾಲೂರಿ ಹತ್ತಿ ಆರಿಸಿದ್ವಿ. ಅಡಗಿಮನಿ, ಪಡಸಾಲಿ, ಮಂಚದ ಬುಡ, ಎಲ್ಲಾ ಕಡೆಯಿಂದ ಬಾಚಿ ತಂದು ತಂದು ಗಲೀಪಿಗೆ ತುಂಬಿದೆ.

ಮರುದಿನ ಮುಂಜಾನಿ ಕೊನೇ ಹೊಲಿಗಿ ಹಾಕೋ ಹೊತ್ತಿಗೇ ಟೀಚರು ಕಳಿಸಿದ ಟೆಂಪೋ ಬಂತು. ಡ್ರೈವರ್ ಒಂದೇ ಸಮನೆ ಹಾರನ್ ಹೊಡಿಯಾಕತ್ತಿದ್ದ. ಹಗ್ಗ ಕಟ್ಟೋದು, ಪ್ಲಾಸ್ಟಿಕ್ ಸುತ್ತೋದು, ಟೆಂಪೋದ ಮ್ಯಾಲೆ ಹತ್ತಿದ ಮೂವರನ್ನ ಕೆಳಗ ಇಳಸೋದು. ಗದ್ದಲದಾಗ ಗಾದಿ ಹೊಸಲು ದಾಟಿಬಿಟ್ಟವು. ಗಾಡಿ ಹೋದಮ್ಯಾಲೆ ಕುಂತು ಕೆಂಪು ಬಟ್ಟಿ ಬಿಚ್ಚಿದೆ. ಒಂದು. ಎರಡು. ಮತ್ತೊಮ್ಮೆ ಎಣಿಸಿದೆ. ಎರಡೇ. ಹಿಂದಿನ ದಿನ ಸಂಜಿ ಸಿಟ್ಟಿನಾಗ, ಆ ಮುಂಜಾನಿ ಅವಸರದಾಗ ನಾನು ಎಣಿಸೇ ಇರಲಿಲ್ಲ.

ಮೂವರನ್ನೂ ಗ್ವಾಡಿಗೆ ನಿಲ್ಲಿಸಿ ಕೇಳಿದೆ. ದೊಡ್ಡಾವ ‘ಮೊದಲು ಮೂರು ಇದ್ದವು ಅನ್ನೋದಕ್ಕ ಏನ್ ಆಧಾರ?’ ಅಂದ. ನಡುವಿನಾವ ‘ಆ ಟೆಂಪೋ ಡ್ರೈವರ್ ಹಲ್ಲಿನ ಸಂದಿ ಕೆದಕಾಕ ಏನೋ ಹುಡುಕತಿದ್ದ, ಒಯ್ದಿರಬೇಕು’ ಅಂದ. ಗೇಣುದ್ದ ಸೂಜಿಲೆ ಹಲ್ಲು ಕೆದಕತಾನಂತ. ಸಣ್ಣಾವ ‘ನಾ ಸೂಜಿ ತಗೊಂಡಿಲ್ಲ, ಬೆಲ್ಲ ತಗೊಂಡೀನಿ’ ಅಂದ. ಬೆಲ್ಲದ ಡಬ್ಬಿ ನೋಡಿದ್ರ ಖಾಲಿ. ಅದು ಬ್ಯಾರೆ ಕತಿ.

ದೊಡ್ಡಾವ ಹಳೇ ಸ್ಪೀಕರಿನಿಂದ ಕಿತ್ತ ದುಂಡನ್ನ ಅಯಸ್ಕಾಂತ ತಂದ. ದಾರ ಕಟ್ಟಿ ಮನಿಯೆಲ್ಲಾ ಎಳದ. ಹೇರ್‌ಪಿನ್ನು ಸಿಕ್ಕವು, ಸೋಡಾ ಬಾಟಲಿ ಮುಚ್ಚಳ ಸಿಕ್ಕವು, ಎರಡು ವರ್ಷದಿಂದ ನಮ್ಮ ಅತ್ತಿಗಿ ಒಯ್ದಾಳಂತ ನಾನು ಅನುಮಾನ ಪಟ್ಟಿದ್ದ ಟ್ರಂಕಿನ ಕೀಲಿ ಸಿಕ್ತು. ಸೂಜಿ ಸಿಗಲಿಲ್ಲ. ಇವರಪ್ಪಗ ಫೋನ್ ಮಾಡಿದೆ. ‘ಅಲ್ಲೇ ಎಲ್ಲೋ ಇರತೈತಿ ಬಿಡು, ಗಾದಿಯಾಗ ಇರಾಕಿಲ್ಲ’ ಅಂದ್ರು. ನನಗೂ ಹಂಗ ಅಂದುಕೊಳ್ಳಾಕ ಭಾಳ ಆಸಿ ಇತ್ತು. ಆದ್ರ ಆ ಹುಡುಗಿ ಹೊಸಾ ಸೀರಿ ಉಟಗೊಂಡು ಆ ಗಾದಿ ಮ್ಯಾಲೆ ಕುಂತಂಗ ಕಣ್ಣಿಗೆ ಬರಾಕತ್ತಿತು. ಎರಡು ಸೂಜಿ, ಕತ್ರಿ, ದಾರದ ಉಂಡಿ ಚೀಲಕ್ಕ ಹಾಕಿದೆ. ಹುಡುಗರನ್ನ ಬಿಟ್ಟು ಹೋದ್ರ ಬರೋದ್ರಾಗ ಮನಿ ಇರತೈತೋ ಇಲ್ಲೋ. ಮೂವರನ್ನೂ ಎಳಕೊಂಡು ಬಸ್ ಹತ್ತಿದೆ. ದೊಡ್ಡಾವ ಅಯಸ್ಕಾಂತ ಕಿಸೆಯಾಗ ಇಟಗೊಂಡಿದ್ದ. ದಾರಿಯಾಗ ಅದು ಕಂಡಕ್ಟರನ ಸೀಟಿ ಸರಪಳಿಗೆ ಅಂಟಿಕೊಂಡು ಅವನ ಕಡಿಂದ ಬೈಸಿಕೊಂಡಿದ್ದೂ ಆತು.

ಕೋಗಳಿ ಮುಟ್ಟಿದಾಗ ಬಿಸಲು ನೆತ್ತಿಮ್ಯಾಲೆ. ಟೀಚರ ಮನಿ ಮುಂದ ಹಂದರ ಹಾಕಿದ್ರು. ಒಳಗ ಹೊಸಾ ಮಂಚದ ಮ್ಯಾಲೆ ನನ್ನ ಎರಡೂ ಗಾದಿ ಹೂವಿನ ಗಲೀಪಿನಾಗ ಜೋಡಿಯಾಗಿ ಕುಂತಿದ್ದವು. ಬಂದ ಹೆಣ್ಣುಮಕ್ಕಳೆಲ್ಲಾ ಒತ್ತಿ ಒತ್ತಿ ನೋಡಿ ‘ಎಷ್ಟು ಮೆತ್ತಗದಾವ’ ಅನ್ನಾಕತ್ತಿದ್ರು. ಅವು ಮರುದಿನ ಮುಂಜಾನಿ ಮಂಚ, ತಿಜೋರಿ ಕೂಡ ಗಂಡಿನ ಮನಿಗೆ ಹೋಗೋವು. ನಾನು ಟೀಚರನ್ನ ಬಾಜುಕ ಕರದು, ಸಣ್ಣ ದನಿಯಾಗ ಹೆಂಗ ಶುರು ಮಾಡಬೇಕು ಅಂತ ಮಾತು ಹುಡುಕಾಕತ್ತಿದ್ದೆ. ಅಷ್ಟರಾಗ ಸಣ್ಣಾವ ನಡುಮನಿಯಾಗ ನಿಂತು ಎಲ್ಲಾರಿಗೂ ಕೇಳೋಹಂಗ ಹೇಳಿದ:

‘ನಿಮ್ಮ ಗಾದಿಯಾಗ ಸೂಜಿ ಐತಿ. ನಮ್ಮಮ್ಮ ಎಣಿಸಿಲ್ಲ.’

ಒತ್ತಿ ನೋಡತಿದ್ದೋರೆಲ್ಲಾ ಕೈ ಹಿಂದಕ್ಕ ತಗೊಂಡ್ರು. ನನಗ ಭೂಮಿ ಬಾಯಿಬಿಡಬಾರದೇ ಅನ್ನಿಸ್ತು. ನಾಚಿಕಿ ಬಿಟ್ಟು ಇದ್ದದ್ದು ಇದ್ದಂಗ ಹೇಳಿದೆ, ಒಂದು ಸೂಜಿ ಕಡಿಮಿ ಐತಿ, ಬಿಚ್ಚಿ ನೋಡಬೇಕು, ಇವತ್ತೇ ಮತ್ತ ಹೊಲಿದುಕೊಟ್ಟು ಹೋಗತೀನಿ ಅಂತ. ಟೀಚರ ನಾದಿನಿ ಒಬ್ಬಾಕಿ, ದೊಡ್ಡ ಬಾಯಿನಾಕಿ, ‘ಮದಿವಿ ಮನಿಗೆ ಕತ್ರಿ ಹಿಡಕೊಂಡು ಬಂದೀಯಲ್ಲ, ಎಂಥಾಕಿ ನೀನು’ ಅಂದ್ಲು. ಟೀಚರು ಆತು ಅಂತ ತಲಿಯಾಡಿಸಿದ್ರು. ನಾನು ಮೊದಲನೇ ಗಾದಿ ಹೊಲಿಗಿಗೆ ಕತ್ರಿ ಹಚ್ಚಿದೆ.

‘ಅಮ್ಮ, ಕೊಯ್ಯಬ್ಯಾಡ’ ಅಂದ ನಡುವಿನಾವ. ‘ಸೂಜಿ ಅದರಾಗ ಇಲ್ಲ.’

‘ನಿಂಗ ಹೆಂಗ ಗೊತ್ತು?’

‘ಬಕೆಟ್ಟಿಗೆ ತೂತು ಹಾಕುವಾಗ ಮುರೀತು. ನೀ ಬೈತಿ ಅಂತ ಗಟಾರಕ್ಕ ಒಗದೆ.’

ನಿಜ ಹೇಳತೀನಿ, ನನಗ ಸಿಟ್ಟು ಬರಲಿಲ್ಲ. ಹೋದ ಜೀವ ಬಂದಂಗ ಆತು. ಸೂಜಿ ಗಟಾರದಾಗ ಐತಿ, ಗಾದಿಯಾಗ ಇಲ್ಲ, ಕೊಯ್ಯೋದು ತಪ್ಪಿತು, ಮಾನ ಉಳೀತು. ಇವ ದಿನಕ್ಕ ಹತ್ತು ಸುಳ್ಳು ಹೇಳಾವ ಅನ್ನೋದು ಆ ಗಳಿಗಿಗೆ ನೆನಪಿಗೇ ಬರಲಿಲ್ಲ. ನೆನಪು ಮಾಡಿಕೊಳ್ಳಾಕ ನನಗ ಬೇಕಾಗಿರಲಿಲ್ಲ. ಕತ್ರಿ ಚೀಲಕ್ಕ ಹಾಕಾಕ ಹೋದೆ.

‘ಖರೇನೇನಪ?’ ಅಂತ ಟೀಚರು ಕೇಳಿದ್ರು.

‘ಖರೇ ರೀ. ಬೇಕಾರ ನೋಡ್ರಿ’ ಅಂದಾವನೇ ಅಂಗಿ ಬಿಚ್ಚಿ ಒಗದ. ಮಂಚದ ತಲಿಕಟ್ಟಿನ ಮ್ಯಾಲೆ ಹತ್ತಿ ನಿಂತ. ಎರಡೂ ಕೈ ಅಗಲಿಸಿ, ಬರೇ ಹೊಟ್ಟಿಲೆ ಗಾದಿ ಮ್ಯಾಲೆ ಬೀಳಾವ, ಕೆರಿಗೆ ಬೀಳೋರಂಗ. ಹೆಣ್ಣುಮಕ್ಕಳು ನಗಾಕತ್ತಿದ್ರು. ನಾದಿನಿಯೂ ನಕ್ಕಳು. ಸಣ್ಣಾವ ‘ನಾನೂ, ನಾನೂ’ ಅಂತ ಅಂಗಿ ಗುಂಡಿ ಬಿಚ್ಚಾಕತ್ತಿದ್ದ.

‘ಬ್ಯಾಡಲೇ’ ಅಂತ ನಾ ಕಿರುಚಿದೆ. ಎಂಥಾ ದನಿ ಬಂತು ಅಂದ್ರ ಹೊರಗ ಹಂದರದಾಗ ಎಲಿ ಕಟ್ಟತಿದ್ದ ಗಂಡಸರು ಒಳಗ ಬಂದು ನೋಡಿದ್ರು. ಹೋಗಿ ಅವನ ಕಾಲು ಹಿಡಕೊಂಡು ಕೆಳಗ ಎಳದೆ.

ನಗು ನಿಂತಿತು. ಟೀಚರು ನನ್ನ ಮಾರಿ ನೋಡಿದ್ರು. ಅವರ ಹಿಂದ ಮದುಮಗಳು, ಕೈಗೆ ಮೆಹಂದಿ ಹಚ್ಚಿಕೊಂಡು ನಿಂತಿದ್ದಳು, ಆಕಿನೂ ನೋಡಿದಳು. ಇವರ ಮಗಳು ಮಲಗಾಕ ಆಗತೈತಿ, ನನ್ನ ಮಗ ಬೀಳಾಕ ಆಗಂಗಿಲ್ಲ ಅಂತ ನನ್ನ ಬಾಯೇ ಹೇಳಿಬಿಟ್ಟಿತ್ತು. ಅಷ್ಟು ನಾಚಿಕಿ ನನ್ನ ಜೀವನದಾಗ ಆಗಿದ್ದಿಲ್ಲ. ‘ತಪ್ಪಾತು ರೀ ಟೀಚರ್’ ಅಂದೆ. ಚೀಲದಿಂದ ಕತ್ರಿ ತಗದು ಹೊಲಿಗಿ ಕೊಯ್ದೆ.

ಎರಡು ಚಾಪಿ ಹಾಸಿ, ಹತ್ತಿ ಎಲ್ಲಾ ಹೊರಗ ತಗದೆ. ಮುಷ್ಟಿ ಮುಷ್ಟಿ ಬಿಡಿಸಿ ನೋಡೋದು, ದೊಡ್ಡಾವ ಅದರ ಮ್ಯಾಲೆ ಅಯಸ್ಕಾಂತ ಆಡಸೋದು. ಟೀಚರು ತಾವೇ ಎದ್ದು ಫ್ಯಾನ್ ಆರಿಸಿದ್ರು. ಮದಿವಿ ಮನಿಯ ಮಂದಿಯೆಲ್ಲಾ ನಮ್ಮ ಕೂಡ ಬೆವರಿದ್ರು. ಮೊದಲನೇ ಗಾದಿಯಾಗ ಒಂದು ಗೋಲಿ, ಒಂದು ಚಾಕ್ಲೇಟ್ ಕಾಗದ ಸಿಕ್ಕವು. ಸಣ್ಣಾವ ‘ಗೋಲಿ ನಂದು’ ಅಂತ ಇಸಗೊಂಡ. ಎರಡನೇ ಗಾದಿ ಅರ್ಧ ಆಗಿತ್ತು. ಟಕ್ ಅಂತು.

ಅಯಸ್ಕಾಂತಕ್ಕ ಅರ್ಧ ಸೂಜಿ ಅಂಟಿತ್ತು. ಮೊನಿ ಇದ್ದ ಅರ್ಧ.

ನಡುವಿನಾವನ ಮಾರಿ ಬೆಳ್ಳಗಾಗಿತ್ತು. ‘ಎರಡು ತುಂಡಾಗಿತ್ತು’ ಅಂದ, ನೆಲ ನೋಡಿಕೊಂತ. ‘ಒಂದು ಒಗದೆ. ಇನ್ನೊಂದು ಎಲ್ಲಿ ಸಿಡೀತೋ ಸಿಗಲಿಲ್ಲ.’

ಟೀಚರು ಆ ತುಂಡನ್ನ ಅಂಗೈಯಾಗ ಇಟಗೊಂಡು ಬೆರಳಿಲೆ ಮೊನಿ ಮುಟ್ಟಿ ನೋಡಿದ್ರು. ಬೈತಾರ ಅಂತ ನಾ ತಲಿ ತಗ್ಗಿಸಿ ಕುಂತಿದ್ದೆ, ಬೈದ್ರೂ ಬೈಸಿಕೊಳ್ಳಬೇಕಾದಾಕೇ. ಅವರು ಅಡಗಿಮನಿ ಕಡೆ ತಿರುಗಿ ‘ಈ ಹುಡುಗರಿಗೆ ಮೊದಲು ಉಣ್ಣಾಕ ಕೊಡ್ರಿ, ಬಿಸಲಾಗ ಬಂದಾವು’ ಅಂದ್ರು. ಆಮೇಲೆ ನನಗ, ‘ನೀ ಬರದಿದ್ರ ಯಾರಿಗೂ ಗೊತ್ತಾಗತಿರಲಿಲ್ಲ’ ಅಂದ್ರು. ನನಗ ಅಳು ಬಂತು. ಉಳಿದ ಹತ್ತಿಯನ್ನೂ, ನಾಕೂ ದಿಂಬಿನ ಹತ್ತಿಯನ್ನೂ ಎರಡೆರಡು ಸಲ ನೋಡಿದ್ವಿ. ಬ್ಯಾರೇನೂ ಇರಲಿಲ್ಲ.

ಮತ್ತ ತುಂಬಿ ಹೊಲಿಯಾಕ ಕುಂತೆ. ಒಬ್ಬಾಕಿ ಹೆಂಗ ಮುಗಸಲಿ ಅಂದುಕೊಳ್ಳೋದ್ರಾಗ ಆ ನಾದಿನಿಯೇ ಬಂದು ಇನ್ನೊಂದು ಸೂಜಿ ಕೈಗೆ ತಗೊಂಡಳು. ‘ಚೀಲ ಹೊಲಿಯಾಕ ಬರತೈತಿ, ಗಾದಿ ಏನ್ ಮಹಾ’ ಅಂದ್ಲು. ಇಬ್ಬರು ಹುಡುಗೇರು ಗಲೀಪು ಎಳದು ಹಿಡದ್ರು. ದೊಡ್ಡಾವ ದಾರಕ್ಕ ಮೇಣ ಸವರಿ ಸವರಿ ಕೊಟ್ಟ. ನಡುವಿನಾವ ಕೋಲಿನಿಂದ ಹತ್ತಿ ಬಡದು ಹದ ಮಾಡಿದ, ಉಣ್ಣಾಕ ಕರದ್ರೂ ಏಳಲಿಲ್ಲ. ಹೊಲಿಗಿ ಮೊದಲಿನಂಗ ಒತ್ತಾಗಿ ಬೀಳಲಿಲ್ಲ, ಅಲ್ಲಲ್ಲಿ ದೂರ ದೂರ ಬಿದ್ದವು. ಅದನ್ನೂ ಹೇಳಿದೆ. ‘ಇರಲಿ, ಇದು ಮದಿವಿ ಮನಿ ಮಂದಿ ಹೊಲಿದ ಗಾದಿ’ ಅಂದಳು ಮದುಮಗಳು. ಮುಗಿದಮ್ಯಾಲೆ ಇದ್ದ ಎರಡು ಸೂಜಿ ಎಲ್ಲಾರ ಮುಂದ ಬಾಯಿಬಿಟ್ಟು ಎಣಿಸಿ ಬಟ್ಟಿಗೆ ಚುಚ್ಚಿದೆ.

ಸಂಜಿ ಬಸ್ಸಿನಾಗ ಸೀಟು ಸಿಕ್ಕವು. ಸಣ್ಣಾವ ಮದಿವಿ ಮನಿಯಾಗ ಕೊಟ್ಟ ಉಂಡಿ ಮುಷ್ಟಿಯಾಗ ಹಿಡಕೊಂಡೇ ನಿದ್ದಿ ಹೋದ. ದೊಡ್ಡಾವ ಮುಂದಿನ ಸೀಟಿನಾಗ ತೂಕಡಿಸಾಕತ್ತಿದ್ದ. ನಡುವಿನಾವ ನನ್ನ ಬಾಜುಕ, ಕಿಟಕಿ ಹೊರಗ ನೋಡಿಕೊಂತ. ಮನಿಗೆ ಹೋಗಿ ಇವಂಗ ಹೆಂಗ ಬಡೀಬೇಕು, ಯಾವುದರಿಂದ ಬಡೀಬೇಕು ಅಂತ ನಾ ಲೆಕ್ಕ ಹಾಕಾಕತ್ತಿದ್ದೆ. ತಡಕೊಳ್ಳಾಕ ಆಗಲಿಲ್ಲ, ಕೇಳಿದೆ.

‘ಒಂದು ತುಂಡು ಅದರಾಗ ಇರಬಹುದು ಅಂತ ನಿಂಗ ಗೊತ್ತಿತ್ತಲ್ಲಲೇ?’

‘ಹೂಂ.’

‘ಮತ್ತ ಯಾಕ ಬೀಳಾಕ ಹೋದಿ?’

‘ಅಷ್ಟು ಮಂದಿ ಮುಂದ ನೀ ಕೊಯ್ಯಾಕ ಕುಂತಿದ್ದಿಯಲ್ಲ’ ಅಂದ. ‘ನಂಗ ನೋಡಾಕ ಆಗಲಿಲ್ಲ.’

‘ಹೊಟ್ಟಿಗೆ ಚುಚ್ಚಿದ್ರ?’

‘ಮೆಲ್ಲಕ ಬೀಳಬೇಕು ಅಂತ ಮಾಡಿದ್ದೆ.’

ಹತ್ತು ವರ್ಷದಾಗ ಅವ ನನಗ ಹೇಳಿದ್ದ ಎಲ್ಲಾ ಮಾತಿನಾಗ ಇದೊಂದು ಸುಳ್ಳಲ್ಲ ಅಂತ ನನಗ ಗೊತ್ತಾತು. ಹೊಡಿಯಾಕ ಅಂತ ಎತ್ತಿದ್ದ ಕೈಲೇ ಅವನ ತಲಿ ಎಳಕೊಂಡು ಎದಿಗೆ ಒತ್ತಿ ಹಿಡಕೊಂಡೆ. ‘ಉಸಿರು ಕಟ್ಟತೈತಿ, ಬಿಡಬೇ, ಮಂದಿ ನೋಡಾಕತ್ತಾರ’ ಅಂತ ಒದ್ದಾಡಿದ. ನೋಡಲಿ ಅಂದೆ. ಕೊಟ್ಟೂರು ಬರೋತನಕ ಬಿಡಲಿಲ್ಲ.